ಎರಡು ಕಣ್ಣಿಗೆ ಎರಡು ಬಿಳಿ

ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನನಗೆ ಎಲ್ಲವೂ ಎರಡೆರಡಾಯಿತು. ಎಡಗಣ್ಣು ಮುಚ್ಚಿದರೆ ಗೋಡೆ ನೀಲಿ ಹಾಕಿ ಒಗೆದ ಬಟ್ಟೆಯಂತೆ ಬಿಳಿ. ಬಲಗಣ್ಣು ಮುಚ್ಚಿದರೆ ಅದೇ ಗೋಡೆ ಹಳೆಯ ಕಾಗದದಂತೆ ಹಳದಿ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನನ್ನ ಹೊಟ್ಟೆಪಾಡೇ ಬಣ್ಣ. ತಮ್ಮನ ಗ್ಯಾರೇಜಿನಲ್ಲಿ, ಗೀರು ಬಿದ್ದ ಕಾರುಗಳಿಗೆ ಹಳೆಯ ಬಣ್ಣಕ್ಕೆ ಹೊಂದುವಂಥ ಬಣ್ಣ ಕಲಸುವವಳು ನಾನು, ಇಪ್ಪತ್ತೆಂಟು ವರ್ಷದಿಂದ. ಅದರಲ್ಲೂ ಬಿಳಿಯಷ್ಟು ತಲೆ ತಿನ್ನುವ ಬಣ್ಣ ಇನ್ನೊಂದಿಲ್ಲ. ಒಂದು ಹನಿ ಹಳದಿ ಹೆಚ್ಚಾದರೂ ಬಾಗಿಲಿಗೆ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತದೆ.

ಎರಡು ಕಣ್ಣಿಗೆ ಎರಡು ಬಣ್ಣ ಕಾಣುವ ವಿಷಯ ಯಾರಿಗೂ ಹೇಳಿರಲಿಲ್ಲ. ಆಪರೇಷನ್ ಆದ ಮೇಲೆ ಗ್ಯಾರೇಜಿಗೆ ಬಂದ ಮೊದಲ ದಿನ ಅದು. ಇವತ್ತಿನ ಕೆಲಸ ಕೆಟ್ಟರೆ ನಾಳೆಯಿಂದ ಮನೆಯಲ್ಲೇ ಕೂರುವುದೆಂದು ನಿಶ್ಚಯಿಸಿಕೊಂಡು ಬಂದಿದ್ದೆ.

ಬೆಳಿಗ್ಗೆ ಮೊದಲು ಬಂದವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ತಮ್ಮ ಮನೆಯ ಗೇಟಿಗೇ ಬಿಳಿ ಕಾರಿನ ಬಾಗಿಲು ಉಜ್ಜಿಕೊಂಡಿದ್ದರು. ಸಂಜೆ ಐದಕ್ಕೆ ಕ್ಲಾಸಿದೆ, ಅದೂ ರಿವರ್ಸ್ ತೆಗೆಯುವ ಪಾಠ, ಅಷ್ಟರೊಳಗೆ ಮಾನ ಉಳಿಸಿಕೊಡಿ ಎಂದು ತಮ್ಮನ ಕೈ ಹಿಡಿದುಕೊಂಡರು.

ಬಣ್ಣ ಕಲಸಿ, ಸಣ್ಣ ತಗಡಿನ ತುಂಡಿಗೆ ಹೊಡೆದು, ಒಣಗಿಸಿ, ಬಾಗಿಲ ಮೇಲಿಟ್ಟು ನೋಡುವುದು ನಮ್ಮ ಕ್ರಮ. ಮೊದಲನೆಯ ತುಂಡು ಎಡಗಣ್ಣಿಗೆ ಸರಿ ಕಂಡಿತು. ಆದರೆ ಎಡಗಣ್ಣು ಸುಳ್ಳುಬುರುಕ, ಹಳದಿ ಸೇರಿಸಿ ತೋರಿಸುತ್ತಿದೆ ಅಂದುಕೊಂಡು ಒಂದು ಹನಿ ನೀಲಿ ಬಿಟ್ಟೆ. ಆಗ ಬಲಗಣ್ಣಿಗೆ ನೀಲಿ ಹೆಚ್ಚಾಯಿತು. ಇದು ಹೊಸ ಕಣ್ಣು, ಜಂಬ ಮಾಡುತ್ತಿದೆ ಅಂದುಕೊಂಡು ಹಳದಿ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ತುಂಡುಗಳಾದವು, ಒಂಬತ್ತು ಬಿಳಿಗಳಾದವು. ನಿಜವಾದ ಬಿಳಿಯನ್ನು ಒಂದು ದಿನವಾದರೂ ಕಂಡಿದ್ದೆನೇ, ಇಷ್ಟು ವರ್ಷ ಜನರಿಗೆ ಏನು ಬಳಿದುಕೊಟ್ಟೆ ಎಂದು ಯೋಚಿಸಿ ಅಳುವೇ ಬಂತು.

ತಮ್ಮ ಬಂದು ಪಕ್ಕದಲ್ಲಿ ಕೂತ. ಎಲ್ಲ ಹೇಳಿಬಿಟ್ಟೆ. ಬೇರೆ ಯಾರನ್ನಾದರೂ ನೋಡಿಕೋ ಎಂದೂ ಹೇಳಿದೆ.

ಅವನು ಉಗುರಿಗೆ ಅಂಟಿದ ಬಣ್ಣ ಕೆರೆಯುತ್ತಾ ಹೇಳಿದ, "ಅಕ್ಕಾ, ನಂಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣೋದು. ಚಿಕ್ಕಂದಿನಿಂದ. ಅಪ್ಪಂಗೂ ಹೇಳಿಲ್ಲ."

ನಾನು ಕಲಸಿದ್ದನ್ನೆಲ್ಲ ಕೊನೆಗೆ ನೋಡಿ ಪಾಸು ಮಾಡುತ್ತಿದ್ದವನು ಈ ಮಹಾನುಭಾವನೇ.

"ಮತ್ತೆ ಇಷ್ಟು ವರ್ಷ ಏನ್ ನೋಡ್ತಿದ್ದೆ?"

"ಗೆರೆ. ತುಂಡು ಎಲ್ಲಿ ಮುಗೀತು, ಬಾಗಿಲು ಎಲ್ಲಿ ಶುರುವಾಯ್ತು ಅಂತ. ಗೆರೆ ಕಾಣದೇ ಹೋದ್ರೆ ಸರಿ. ಯಾವ ಬಣ್ಣ ಅಂತ ನಾನ್ಯಾಕೆ ತಲೆ ಕೆಡಿಸ್ಕೊಳ್ಳಲಿ?"

ಎದ್ದು ಹೋಗಿ ಮೊದಲನೆಯ ತುಂಡನ್ನೇ ಬಿಸಿಲಲ್ಲಿ ಬಾಗಿಲ ಮೇಲಿಟ್ಟೆ. ಎಡಗಣ್ಣು ಮುಚ್ಚಿದೆ. ಬಾಗಿಲೂ ನೀಲಿ ಬಿಳಿ, ತುಂಡೂ ನೀಲಿ ಬಿಳಿ. ಬಲಗಣ್ಣು ಮುಚ್ಚಿದೆ. ಎರಡೂ ಹಳದಿ. ಯಾವ ಕಣ್ಣಿಗೂ ಗೆರೆ ಇರಲಿಲ್ಲ. ಬೆಳಿಗ್ಗೆಯಿಂದ ಎರಡು ಕಣ್ಣಿಗೆ ಜಗಳ ಹಚ್ಚಿ ನಾನೇ ನ್ಯಾಯ ಹೇಳುತ್ತಾ ಕೂತಿದ್ದೆ. ಆಮೇಲೆ ಎರಡೂ ಕಣ್ಣು ಬಿಟ್ಟು ಸುಮ್ಮನೆ ನೋಡಿದೆ. ಬಾಗಿಲು ಅಲ್ಲಿ, ನಾನು ಇಲ್ಲಿ ಅನ್ನುವುದೂ ಮರೆತುಹೋಯಿತು. ನೀನು ಎಲ್ಲಿ ಮುಗಿದೆ ಎಂದು ಆಗ ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಎಷ್ಟು ಸಂತೋಷವಾಯಿತೆಂದರೆ ತಮ್ಮ ಕರೆದದ್ದೂ ಕೇಳಿಸಲಿಲ್ಲ.

ತುಂಡಿನ ಹಿಂದೆ ಬರೆದಿಟ್ಟ ಅಳತೆಯಂತೆ ಮತ್ತೆ ಕಲಸಿಕೊಟ್ಟೆ. ತಮ್ಮ ಬಾಗಿಲಿಗೆ ಹೊಡೆದು ಒಣಗಿಸಿದ.

ಐದಕ್ಕೆ ಮುಂಚೆ ಮೇಷ್ಟ್ರು ಬಂದು ಕಾರಿಗೆ ಎರಡು ಸುತ್ತು ಹಾಕಿ, ಗೀರು ಬಾಗಿಲಿನ ಯಾವ ಭಾಗದಲ್ಲಿತ್ತೆಂದು ಕೇಳಿದರು. ತೋರಿಸಲು ಹೋದೆ. ಬೆರಳು ಬಾಗಿಲಿನುದ್ದಕ್ಕೂ ಹೋಯಿತು, ಎಲ್ಲೂ ನಿಲ್ಲಲಿಲ್ಲ.

"ಗೊತ್ತಾಗ್ತಿಲ್ಲ ಮೇಷ್ಟ್ರೇ," ಎಂದೆ. ಆ ಮಾತನ್ನು ಅಷ್ಟು ಹೆಮ್ಮೆಯಿಂದ ನಾನು ಯಾವತ್ತೂ ಹೇಳಿರಲಿಲ್ಲ. ತಮ್ಮನ ಕಡೆ ತಿರುಗಿ, ನಾಳೆ ಒಂಬತ್ತಕ್ಕೇ ಬರುತ್ತೇನೆ, ಕಲಸುವ ಮೇಜನ್ನು ಯಾರಿಗೂ ಕೊಡಬೇಡ ಎಂದೆ.