ಮಳೆ ಹೇಳುವ ಕೈ

ಮುಷ್ಟಿ ಮುಚ್ಚಿತು.

ಜಸೀನಾ ಬಿಡಿಸಿ ಮತ್ತೆ ಮುಚ್ಚಿದಳು. ಹೆಬ್ಬೆರಳು ಯಾರ ಅಪ್ಪಣೆಯನ್ನೂ ಕೇಳದೆ ಕಿರುಬೆರಳ ಬುಡ ಮುಟ್ಟಿತು. ಹಾಸಿಗೆಯಲ್ಲೇ ಕುಳಿತು ನೋವಿಗಾಗಿ ಕಾದಳು. ಎಚ್ಚರವಾಗುವ ಮೊದಲೇ ಗೆಣ್ಣುಗಳಲ್ಲಿ ಬಂದು ಕೂತಿರುತ್ತಿದ್ದ ಅದು ಇವತ್ತು ಬಂದಿರಲಿಲ್ಲ. ಅದರ ಬೆನ್ನಿಗೇ ಬರುತ್ತಿದ್ದ ಸುಸ್ತು, ಹಲ್ಲುಜ್ಜುವುದರೊಳಗೆ ಇಡೀ ದಿನವನ್ನು ಮುಗಿಸಿಬಿಡುವ ಸುಸ್ತು, ಅದೂ ಇಲ್ಲ. ರಂಝಾನಿಗೆ ಮೊದಲು ಮಂಗಳೂರಿನ ಡಾಕ್ಟರು ಮಾತ್ರೆ ಬದಲಿಸಿ, ಗುಣ ಕಾಣಲು ಸಮಯ ಬೇಕು ಎಂದಿದ್ದರು. ಅವಳು ನಂಬಿರಲಿಲ್ಲ.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಯಾರಿಗೆ ಹೇಳುವುದೆಂದು ಯೋಚಿಸುವುದರೊಳಗೆ ಅರ್ಧ ಆರಿಹೋಯಿತು.

"ಮೇಡಂ, ಕೈ ಹೇಗುಂಟು ಇವತ್ತು?"

ಅಂಗಳದಿಂದ ಶರ್ಮಿಳಾ, ಈ ಬಾಡಿಗೆ ಮನೆಗಳ ಮಾಲೀಕರ ಹೆಂಡತಿ. ನರಿಮೊಗರಿನ ಈ ಸಾಲುಮನೆಗಳ ಹೆಂಗಸರು ಬೇಸಿಗೆಯಲ್ಲಿ ಒಟ್ಟು ಸೇರಿ ಹಲಸಿನಕಾಯಿ ಹಪ್ಪಳ ಮಾಡುತ್ತಾರೆ. ಬೇಯಿಸಿದ ತೊಳೆಯನ್ನು ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ಕಿನ ನಡುವೆ ಇಟ್ಟು ಮಣೆಯಿಂದ ಒತ್ತುತ್ತಾರೆ. ಆಮೇಲೆ ಟೆರೇಸಿನಲ್ಲಿ ಚಾಪೆಯ ಮೇಲೆ ಒಣಗಿಸುತ್ತಾರೆ. ಒತ್ತುವಾಗ ಊರಿನ ಸುದ್ದಿಯೆಲ್ಲ ಬರುತ್ತದೆ, ನಗು ಬರುತ್ತದೆ. ಜಸೀನಾ ಅದನ್ನು ಕಿಟಕಿಯಿಂದ ಕೇಳಿಸಿಕೊಳ್ಳುತ್ತಾಳೆ. ಅವಳ ಕೈಗೆ ಮಣೆ ಒತ್ತಲು ಆಗುತ್ತಿರಲಿಲ್ಲ. ಬದಲಿಗೆ ಬೇರೊಂದು ಹುದ್ದೆ ಸಿಕ್ಕಿತ್ತು.

ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ, ಹಪ್ಪಳ ಒತ್ತಲು ಕರೆದಾಗ, "ಇವತ್ತು ಕೈ ತುಂಬ ನೋವು, ಬರ್ಲಿಕ್ಕೆ ಆಗುದಿಲ್ಲ" ಎಂದಿದ್ದಳು. ಸ್ವಲ್ಪ ಹೊತ್ತಿಗೆ ಒಳ್ಳೆ ಬಿಸಿಲಿನ ನಡುವೆಯೇ ಮಳೆ ಹೊಯ್ದಿತ್ತು. ಅಂದಿನಿಂದ ಚಾಪೆ ಹಾಸುವ ಮೊದಲು ಅವಳ ಕೈಯನ್ನು ಕೇಳುವುದು ರೂಢಿಯಾಯಿತು. ಕೈ ನೋಯುತ್ತಿದ್ದೂ ಮಳೆ ಬಾರದ ದಿನಗಳನ್ನು ಯಾರೂ ನೆನಪಿಡಲಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅವಳು ನೆನಪಿಟ್ಟಿದ್ದಳು. ವಾಯುಭಾರ ಇಳಿದರೆ ಗಂಟುನೋವು ಏರುತ್ತದೆಂಬುದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು ಅವಳಿಗೆ ಗೊತ್ತು. ಆದರೆ ಬೆಳಿಗ್ಗೆ ಒಬ್ಬರು ಬಂದು ಕೈ ಹೇಗಿದೆ ಎಂದು ಕೇಳುವುದನ್ನು, ಪುರಾವೆ ಇಲ್ಲವೆಂದು ನಿಲ್ಲಿಸುವಷ್ಟು ದೊಡ್ಡ ವಿಜ್ಞಾನಿ ಅಲ್ಲ ಅವಳು.

ಬಾಗಿಲು ತೆರೆದಳು. ಪಕ್ಕದ ಮನೆಯ ಯಶ್ಮಿತಾಳೂ ಇದ್ದಳು. ಇಬ್ಬರೂ ಸಮಾರಂಭಕ್ಕೆ ಉಡುವ ರೇಷ್ಮೆಯ ಪಟ್ಟೆ ಸೀರೆ ಉಟ್ಟಿದ್ದರು.

"ನೋವಿಲ್ಲ." ಜಸೀನಾ ಕೈ ಮುಂದೆ ಚಾಚಿದಳು. "ಸ್ವಲ್ಪವೂ ಇಲ್ಲ."

ಶರ್ಮಿಳಾಳ ಮುಖ ಅರಳಿತು. ಅದು ತನಗಾಗಿ ಎಂದು ಜಸೀನಾ ಒಂದು ಕ್ಷಣ ನಂಬಿದಳು.

"ನೋಡಿದ್ಯಾ ಯಶ್ಮಿತಾ, ಮಳೆ ಇಲ್ಲ. ಮೊನ್ನೆದ್ದೂ ನಿನ್ನೆದ್ದೂ ಒಟ್ಟಿಗೆ ಹಾಕುವ."

"ಮೊಬೈಲಲ್ಲಿ ಮಧ್ಯಾಹ್ನ ಮೇಲೆ ಮಳೆ ಅಂತ ತೋರಿಸ್ತಾ ಉಂಟು ಅಕ್ಕ."

"ಮೊಬೈಲ್ ಎಲ್ಲಿಯದ್ದೋ ಹೇಳುದು. ಮೇಡಂದು ನರಿಮೊಗರಿನದ್ದೇ."

"ಅಲ್ಲ, ಅದು ಡಾಕ್ಟರು..." ಎಂದಳು ಜಸೀನಾ.

"ಎಂತ ಮೇಡಂ?"

ಇಬ್ಬರೂ ತಿರುಗಿ ಕಾದರು. ಮಾತ್ರೆಯಿಂದ ಗುಣವಾಗಿದೆ, ಇನ್ನು ಒತ್ತುವಾಗ ನಾನೂ ಬರುತ್ತೇನೆ ಎನ್ನಬೇಕಿತ್ತು. ಬಂದರೆ ಏನು ಮಾತಾಡುವುದು? ಮಾತ್ರೆಯೆಂದ ಮೇಲೆ ಕೈ ಬರೀ ಕೈಯಾಗುತ್ತದೆ. ಅದು ಹೇಗಿದೆಯೆಂದು ನಾಳೆ ಯಾರು ಕೇಳುತ್ತಾರೆ?

"ಎಂತ ಇಲ್ಲ."

"ನಾವು ಪಂಜಕ್ಕೆ ಹೋಗಿ ಬರ್ತೇವೆ. ನಿಶ್ಚಿತಾರ್ಥ ಉಂಟು. ನಿಮ್ಮ ಕೈ ನಂಬಿ ಹೋಗುದು ಮಾರಾಯ್ರೆ."

ಚಾಪೆಗಳನ್ನು ಹಾಸಿ ಅವರು ಹೊರಟರು. ವಠಾರ ಖಾಲಿಯಾಯಿತು. ಕಾಲೇಜಿಗೆ ರಜೆ. ಈಶ್ವರಮಂಗಲದ ಅಕ್ಕ ಝೈನಬಳಿಗೆ ಫೋನ್ ಮಾಡಿದಳು. ಅಕ್ಕತಂಗಿಯರ ಮಾತು ಬ್ಯಾರಿ ಭಾಷೆಯಲ್ಲಿ.

"ಕೈನೋವು ಹೋಗಿದೆ," ಎಂದಳು.

"ಅಲ್‌ಹಮ್ದುಲಿಲ್ಲಾಹ್," ಎಂದಳು ಝೈನಬ. ಅದೇ ಉಸಿರಿನಲ್ಲಿ, "ಹಾಗಾದ್ರೆ ಇವತ್ತು ಒಳ್ಳೆಮೆಣಸು ಬಿಸಿಲಿಗೆ ಹಾಕ್ಬಹುದಲ್ಲ?"

ಜಸೀನಾಳಿಗೆ ನಗು ಬಂತು. ಅಕ್ಕನೂ ನಕ್ಕಳು, ಮೆಣಸು ಒಣಗುವ ಖುಷಿಗೆ. ಮೊಬೈಲು ಮಳೆ ಅನ್ನುತ್ತಿದೆ, ಹಾಕಬೇಡ ಎಂದು ಹೇಳಿ ಜಸೀನಾ ಫೋನಿಟ್ಟಳು.

ಊಟದ ಹೊತ್ತಿಗೆ ಗಾಳಿ ನಿಂತಿತು. ಕಡಬದ ಕಡೆಯ ಆಕಾಶ ಕಪ್ಪಾಯಿತು. ಅವಳು ಅಭ್ಯಾಸಬಲದಿಂದ ಮೊದಲು ಕೈ ನೋಡಿಕೊಂಡಳು. ಕೈಗೆ ಏನೂ ಗೊತ್ತಿರಲಿಲ್ಲ.

ಟೆರೇಸಿನ ತುಂಬ ಹಪ್ಪಳ. ಇಷ್ಟೂ ನೆನೆದರೆ ಅವಳ ಕೈ ಸುಳ್ಳಾಗುತ್ತದೆ, ನಾಳೆ ಬಾಗಿಲಿಗೆ ಯಾರೂ ಬರುವುದಿಲ್ಲ. ಒಬ್ಬಳೇ ಎತ್ತಿಟ್ಟರೆ ಕೈ ಗುಣವಾದದ್ದು ಗೊತ್ತಾಗುತ್ತದೆ, ಆಗಲೂ ಬರುವುದಿಲ್ಲ. ಯೋಚನೆ ಇಲ್ಲಿಗೆ ಬಂದಾಗ ಮೊದಲ ಹನಿ ಬಿತ್ತು, ಅವಳು ಬಗ್ಗಿದಳು.

ಚಾಪೆಯ ಅಂಚು ಹಿಡಿದು ಹಪ್ಪಳದ ಸಮೇತ ಸುತ್ತಿದಳು. ಬೆರಳುಗಳು ಹಿಡಿದವು, ಬಿಡಲಿಲ್ಲ. ಹೊತ್ತು ಮೆಟ್ಟಿಲಿಳಿದಳು, ಮತ್ತೆ ಹತ್ತಿದಳು. ಎಷ್ಟೋ ವರ್ಷಗಳಿಂದ ಬಾಟಲಿಯ ಮುಚ್ಚಳ ತೆರೆಯಲಾಗದೆ ಕಾಲೇಜಿನ ಅಟೆಂಡರನ್ನು ಕರೆಯುತ್ತಿದ್ದ ಕೈ ಇದೇನಾ ಎಂದು ಅವಳಿಗೆ ಹೆಮ್ಮೆಯಾಯಿತು. ಏದುಸಿರು ಬರುತ್ತಿತ್ತು. ಹಾಯೆನಿಸಿತು. ಕೊನೆಯ ಒಂದು ಚಾಪೆ ಮಾತ್ರ ನೆನೆಯಿತು. ಮಳೆಯಲ್ಲಿ ನಿಂತು ಎರಡೂ ಮುಷ್ಟಿಗಳನ್ನು ಮುಚ್ಚಿ ತೆರೆದಳು. ಯಾರಾದರೂ ನೋಡಬೇಕಿತ್ತು ಅನಿಸಿ ಸುತ್ತ ನೋಡಿದಳು. ಟೆರೇಸಿನಲ್ಲಿ ನೀರಿನ ಟ್ಯಾಂಕು ಮಾತ್ರ ಇತ್ತು.

ಸಂಜೆ ಹೆಂಗಸರು ಸೀರೆ ಎತ್ತಿ ಹಿಡಿದು ಓಡಿ ಬಂದರು. ಜಗಲಿಯಲ್ಲಿ ಸುತ್ತಿಟ್ಟ ಚಾಪೆಗಳನ್ನು ನೋಡಿ ಶರ್ಮಿಳಾ ನಿಂತುಬಿಟ್ಟಳು.

"ಯಾರು ತೆಗೆದದ್ದು?"

"ನಾನು."

ಈಗ ಹೇಳಬೇಕು ಎಂದುಕೊಂಡಳು ಜಸೀನಾ. ಮಧ್ಯಾಹ್ನದಿಂದ ಮಾತು ಜೋಡಿಸಿಟ್ಟಿದ್ದಳು. "ಶರ್ಮಿಳಾ, ನನ್ನ ಕೈ..."

"ಮತ್ತೆ ನೋವು ಶುರುವಾಯ್ತಲ್ವಾ? ನಾನು ಬಸ್ಸಿನಲ್ಲೇ ಹೇಳಿದ್ದೆ, ಮೇಡಂಗೆ ಗೊತ್ತಾಗಿರ್ತದೆ ಅಂತ. ಪಾಪ, ಆ ಕೈಯಲ್ಲಿ ಇಷ್ಟೆಲ್ಲ..."

ಶರ್ಮಿಳಾ ಸೀರೆಯನ್ನೂ ಬದಲಿಸದೆ ತೆಂಗಿನೆಣ್ಣೆ ಬಿಸಿ ಮಾಡಿ ತಂದಳು. ಜಗಲಿಯಲ್ಲಿ ಎದುರೆದುರು ಕುಳಿತು ಜಸೀನಾಳ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಹೆತ್ತ ಉಮ್ಮ ತೀರಿಕೊಂಡ ಮೇಲೆ ಆ ಕೈಯನ್ನು ಹಿಡಿದವರು ಡಾಕ್ಟರುಗಳು ಮಾತ್ರ. ಅವರು ಒತ್ತಿ ನೋಡಿ ಬಿಟ್ಟುಬಿಡುತ್ತಿದ್ದರು. ಶರ್ಮಿಳಾ ಬಿಡಲಿಲ್ಲ. ಜಸೀನಾಳಿಗೆ ಅಳು ಬಂತು.

"ಇಲ್ಲಿಯಾ ನೋವು?"

ಜಸೀನಾ ಕೈ ಎಳೆದುಕೊಳ್ಳಲಿಲ್ಲ. "ಹೌದು."

"ಇಲ್ಲಿ?"

"ಅಲ್ಲಿ ಇನ್ನೂ ಜಾಸ್ತಿ."

ಯಶ್ಮಿತಾ ಚಹಾ ತಂದಳು. ಜಸೀನಾ ಮೊದಲಿನ ಹಾಗೆ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಎತ್ತಿದಳು. ಯಾವ ಬೆರಳು ಎಷ್ಟು ಬಾಗಿರುತ್ತಿತ್ತೆಂದು ನೆನಪಿಸಿಕೊಳ್ಳುತ್ತ ಕುಡಿದಳು.

"ನಾಳೆ ಹೇಗೆ ಮೇಡಂ? ಇದನ್ನೆಲ್ಲ ಇನ್ನೊಮ್ಮೆ ಬಿಸಿಲಿಗೆ ಹಾಕ್ಬೇಕಲ್ಲ."

ಅವಳು ಕೈಯನ್ನು ನೋಡಿದಳು. ಎಣ್ಣೆಯಲ್ಲಿ ಹೊಳೆಯುತ್ತಿತ್ತು.

"ಬೆಳಿಗ್ಗೆ ಹೇಳ್ತೇನೆ."

"ನಾನೇ ಬಂದು ಕೇಳ್ತೇನೆ. ನೀವು ಏಳುದು ಬೇಡ."

ಒಳಗೆ ಬಂದು ದೀಪ ಹಾಕಿದಳು. ಮೇಜಿನ ಮೇಲೆ ಮಾತ್ರೆಯ ಹಾಳೆ. ಮೊದಲೆಲ್ಲ ಕತ್ತರಿಯಲ್ಲಿ ಕತ್ತರಿಸಿ ತೆಗೆಯಬೇಕಿತ್ತು, ಇವತ್ತು ಹೆಬ್ಬೆರಳು ಒತ್ತಿದೊಡನೆ ಮಾತ್ರೆ ಹೊರಬಿತ್ತು. ಅಂಗೈಯಲ್ಲಿಟ್ಟುಕೊಂಡು ನೀರಿನ ಲೋಟದ ಮುಂದೆ ನಿಂತಳು. ಹೊರಗೆ ಶರ್ಮಿಳಾ ಚಾಪೆಗಳನ್ನು ಗೋಡೆಗೆ ಒರಗಿಸುತ್ತಿದ್ದಳು.

ಮುಷ್ಟಿ ಮುಚ್ಚಿತು. ಒಳಗೆ, ಎಣ್ಣೆ ಮತ್ತು ಬೆವರಿನಲ್ಲಿ, ಮಾತ್ರೆ ಅಂಟತೊಡಗಿತು. ಅವಳು ತೆರೆಯಲಿಲ್ಲ.