ಚರಗದ ದಿನ ಹೊಲಕ್ಕೆ ಬಂದ ಗಾಡಿ

ಎಳ್ಳ ಅಮಾವಾಸ್ಯೆಯ ಸೋಮವಾರ, ಬಿಸಿಲು ನೆತ್ತಿಯಿಂದ ಪಡುವಣಕ್ಕೆ ವಾಲುತ್ತಿದ್ದ ಹೊತ್ತಿನಲ್ಲಿ, ಸಿದ್ದವ್ವ ಒಂದು ದೊಡ್ಡ ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಕೆಂಪು ಗಾಡಿ, ನಡುವೆ ಹಳದಿ ಪಟ್ಟಿ, ಗಾಲಿಗಳೇ ಅವಳ ಎದೆಮಟ್ಟ. ಅದರ ಮೂತಿ ಬದುವಿನ ಮೇಲೆ ಬಂದು ನಿಂತಿತ್ತು. ಮುಂದೆ ಅವಳ ಬಿಳಿಜೋಳ, ಆಗಷ್ಟೇ ತೆನೆ ಇಣುಕುತ್ತಿತ್ತು.

"ಇವತ್ತೊಂದಿನ ಬ್ಯಾಡ್ರಿ. ನಾಳಿ ಬರ್ರಿ, ಹೊಲಾ ತುಂಬ ಹಾಯಿಸ್ರಿ, ನಾ ಒಲ್ಲೆ ಅನ್ನೂದಿಲ್ಲ" ಅಂದಳು.

ಆಗಿದ್ದು ಇಷ್ಟು. ಗೊಳಸಂಗಿ ದಾಟಿ ಬರುತ್ತಿದ್ದ ಟ್ಯಾಂಕರೊಂದು ಹೆದ್ದಾರಿ ಬಿಟ್ಟು ಸಿದ್ದವ್ವನ ಹೊಲದ ಪಡುವಣ ತುದಿಯ ತಗ್ಗಿಗೆ ಉರುಳಿತ್ತು. ಒಳಗಿದ್ದದ್ದು ಅಮೋನಿಯಾ. ಡ್ರೈವರ್ ಹೇಗೋ ಹೊರಬಿದ್ದು, ಕಣ್ಣು ತಿಕ್ಕಿಕೊಳ್ಳುತ್ತ ಓಡಿದ್ದ. ಟ್ಯಾಂಕರಿನ ಸೀಳಿನಿಂದ ಬೆಳ್ಳಗಿನ ಹೊಗೆ ನೆಲ ಹಿಡಿದು ತೆವಳುತ್ತಿತ್ತು. ಗಾಳಿ ಮೂಡಣದಿಂದ ಬೀಸುತ್ತಿದ್ದರಿಂದ ಅದೆಲ್ಲ ಹೆದ್ದಾರಿಯ ಕಡೆಗೇ ಹೋಗುತ್ತಿತ್ತು; ಪೊಲೀಸರು ರಸ್ತೆ ಮುಚ್ಚಿದ್ದರು. ಸಿದ್ದವ್ವನ ಮಗ ಅನಿಲ ಆ ಕಡೆಯೇ ಸಿಕ್ಕಿಬಿದ್ದಿದ್ದ. ಟ್ಯಾಂಕರಿನ ಹತ್ತಿರ ಹೋಗಬೇಕೆಂದರೆ ಗಾಳಿಯ ಬೆನ್ನಿಗೆ, ಈ ಹೊಲದ ನಡುವೆಯೇ ಹಾಯಬೇಕು.

ಆದರೆ ಅಂದು ಭೂಮಿತಾಯಿಯ ಬಯಕೆಯ ದಿನ. ಬೆಳೆ ಹೊತ್ತ ಹೊಲ ಬಸುರಿ. ಆ ದಿನ ಅದರ ಮೇಲೆ ಕುಡುಗೋಲು ಆಡಿಸುವುದಿಲ್ಲ, ಗಾಲಿ ಹಾಯಿಸುವುದಿಲ್ಲ. ಮಾಡಿದ ಅಡುಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲಿ ಅವಳ ಬಯಕೆ ತೀರಿಸುತ್ತಾರೆ. ಸಿದ್ದವ್ವ ಅರ್ಧ ಹೊಲ ಚೆಲ್ಲಿದ್ದಳು, ಅಷ್ಟರಲ್ಲಿ ಕಣ್ಣು ಉರಿಯುವ ವಾಸನೆ ಬಂದು ಮನೆಯ ಕಡೆ ಓಡಿ ಬಂದಿದ್ದಳು. ಮನೆ ಹೊಲದಲ್ಲೇ, ಮೂಡಣ ತುದಿಗೆ.

ಗಾಡಿಯಿಂದ ಅಗ್ನಿಶಾಮಕ ತಂಡದ ಮೇಲಧಿಕಾರಿ ಭಾಗ್ಯಜ್ಯೋತಿ ಇಳಿದಳು. ಮೂವತ್ತರ ಹೆಣ್ಣುಮಗಳು, ಕಾಲಲ್ಲಿ ಮೊಣಕಾಲುದ್ದದ ಬೂಟು.

"ಅವ್ವಾರ, ನಮ್ಮೂರು ದೇವರ ಹಿಪ್ಪರಗಿ. ನಾನೂ ಚರಗಾ ಚೆಲ್ಲೇನಿ."

"ಹಂಗಾರ ನಿನಗ ಗೊತ್ತಿರಬೇಕಲ್ಲ ತಂಗಿ."

"ಗೊತ್ತೈತಿ. ಅದಕ್ಕ ಕೇಳಾಕತ್ತೇನಿ. ಹೊತ್ತ ಮುಳುಗಿದ್ರ ಗಾಳಿ ಬೀಳ್ತೈತಿ. ಆ ಹೊಗಿ ತಗ್ಗಿನಾಗ ಕುಂತು, ಹಳ್ಳದ ಗುಂಟ ಊರಾಗ ಇಳಿತೈತಿ."

ಪಕ್ಕದ ಹೊಲದ ಮುರ್ತುಜಾಸಾಬ ವರ್ಷವೂ ಅಮಾವಾಸ್ಯೆಯ ಊಟಕ್ಕೆ ಇಲ್ಲಿಗೇ ಬರುವವನು. ಅವನು ಭಾಗ್ಯಜ್ಯೋತಿಯನ್ನು ಬದಿಗೆ ಕರೆದು ದನಿ ತಗ್ಗಿಸಿದ. "ಬಾಯಾರ, ಆಕಿ ಸೊಸಿಗೆ ಏಳು ತಿಂಗಳಾಗೇತ್ರಿ. ಹಿಂದ ಎರಡು ಸಲ ನಿಲ್ಲಲಿಲ್ಲ. ಬಸುರಿ ಭೂಮಿ ತುಳಿದ್ರ ಅದು ಸೊಸಿಗೆ ಹತ್ತತೈತಿ ಅಂತ ಆಕಿ ಜೀವದಾಗ ಐತಿ. ಬಾಯಿ ಬಿಟ್ಟ ಹೇಳೂದಿಲ್ಲ."

"ಎಲ್ಲಾ ಕೇಳಸ್ತೈತೋ ಮುರ್ತುಜಾ. ಪಿಸಿ ಪಿಸಿ ಅನ್ನೂದು ನಿನಗ ಈ ಜನ್ಮದಾಗ ಬರೂದಿಲ್ಲ" ಅಂದಳು ಸಿದ್ದವ್ವ. ಆಮೇಲೆ ಗಾಡಿಯ ಕಡೆ ನೋಡಿ ಕೇಳಿದಳು, "ಸಾಮಾನ ಹೊತ್ಕೊಂಡ ಹೋಗಾಕ ಬರೂದಿಲ್ಲೇನ? ಏನೇನ ಅದಾವ ಇದರಾಗ?"

ಚಾಲಕ ಅಫ್ರೋಜ ಗಾಡಿಯ ಮಗ್ಗುಲಿನ ಶಟರನ್ನು ಮೇಲೆತ್ತಿದ. ಸಿದ್ದವ್ವ ಕೈ ಇಳಿಸಿ ಹತ್ತಿರ ಬಂದಳು. ಒಳಗೆ ನೀಲಿ ಅಂಗಿಗಳು ಅಡಿಯಿಂದ ಮುಡಿವರೆಗೆ ಒಂದೇ ತುಂಡಾಗಿ, ಮುಖವಿಲ್ಲದ ಮನುಷ್ಯರಂತೆ ತೂಗುತ್ತಿದ್ದವು. ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಸುತ್ತಿಟ್ಟ ಡೇರೆ, ಪೈಪಿನ ಸುರುಳಿ.

"ಇದನ್ನ ಹಾಕ್ಕೊಂಡ್ರ ತುರಿಕಿ ಬಂದ್ರ ಹೆಂಗ ಮಾಡ್ತೀರಿ?" ಮುರ್ತುಜಾಸಾಬ ಅಂಗಿಯ ತೋಳು ಮುಟ್ಟಿ ಕೇಳಿದ.

"ಹಲ್ಲ ಕಚ್ಚಿ ಇರೂದ್ರಿ ಚಾಚಾ" ಅಂದ ಅಫ್ರೋಜ.

ಸಿದ್ದವ್ವ ಕೆಳಗಿನ ಪೆಟ್ಟಿಗೆಗೆ ಕೈ ಹಾಕಿ ಒಂದು ಕಟ್ಟಿಗೆಯ ತುಂಡು ತೆಗೆದಳು. ಒಂದು ತುದಿ ದಪ್ಪ, ಒಂದು ತುದಿ ಚೂಪು. "ಅಯ್ಯ, ಇದು ಬೆಣಿ! ನಮ್ಮ ಚಕ್ಕಡಿಗೆ ಬಡಿಯೂ ಬೆಣಿ!"

"ಟ್ಯಾಂಕರಿನ ಸೀಳಿನಾಗ ಬಡಿಯೂದ್ರಿ" ಅಂದ ಅಫ್ರೋಜ.

"ಇದು ಹಿತ್ತಾಳಿ ಸುತ್ತಿಗಿ ಯಾಕ?"

"ಕಬ್ಬಿಣದ್ದ ಆದ್ರ ಕಿಡಿ ಹಾರತೈತ್ರಿ. ಈ ಗಾಳಿ ಒಮ್ಮೊಮ್ಮೆ ಕಿಡಿಗೆ ಹತ್ಕೋತೈತಿ."

"ಇಷ್ಟ ದೊಡ್ಡ ಗಾಡಿ, ಒಳಗ ನೋಡಿದ್ರ ಬಡಿಗ್ಯಾನ ಸಾಮಾನ" ಎಂದು ಮುರ್ತುಜಾಸಾಬ ನಕ್ಕ. "ಹೊರೂಣ ತಗೋ ಸಿದ್ದವ್ವಕ್ಕ, ನಾನೂ ಒಂದ ಹೊರಿ ಹೊರ್ತೇನಿ."

ಭಾಗ್ಯಜ್ಯೋತಿ ಗಾಡಿಯ ಹೊಟ್ಟೆ ತಟ್ಟಿದಳು. ತುಂಬಿದ ಹಂಡೆಯ ಸದ್ದು ಬಂತು. "ಬೆಣಿ ಹೊರಬಹುದ್ರಿ. ಈ ನೀರು? ಹೊಗಿ ಮ್ಯಾಲ ತುಂತುರು ಹೊಡಕೋತ ನಿಲ್ಲಲಿಲ್ಲಂದ್ರ ನಮ್ಮ ಹುಡುಗರು ಹತ್ರ ಹೋಗಾಕ ಬರೂದಿಲ್ಲ."

ಸಿದ್ದವ್ವ ಬೆಣೆಯನ್ನು ಪೆಟ್ಟಿಗೆಯಲ್ಲಿ ಇಟ್ಟಳು. ಮತ್ತೆ ಗಾಡಿಯ ಮುಂದೆ ಹೋಗಿ ನಿಂತಳು. ಆದರೆ ಈ ಸಲ ಕೈ ಚಾಚಲಿಲ್ಲ.

ಆಗ ಸೊಸೆ ವಿಜಯಲಕ್ಷ್ಮಿ ಸೆರಗು ಮೂಗಿಗೆ ಹಿಡಿದು ಮನೆಯಿಂದ ಬಂದಳು. ಸೊಂಟದ ಮೇಲೆ ಚರಗದ ಬುಟ್ಟಿ.

"ಅತ್ತಿ, ಅರ್ಧಾ ಹೊಲಾ ಹಂಗ ಉಳದೈತಿ. ಆಕಿನ್ನ ಅರ್ಧ ಹೊಟ್ಟಿಲೆ ಬಿಡೂದೇನ?"

ಸಿದ್ದವ್ವ ಸೊಸೆಯ ಮುಖ ನೋಡಿದಳು, ಹೊಟ್ಟೆ ನೋಡಲಿಲ್ಲ. ಬುಟ್ಟಿ ಇಸಿದುಕೊಂಡಳು. "ನೀ ಒಳಗ ನಡಿ. ಬಾಗಲಾ ಹಾಕ್ಕೋ." ಅಫ್ರೋಜನ ಕಡೆ ತಿರುಗಿದಳು. "ನನ್ನ ಹಿಂದ ಬಾರಪಾ. ಎತ್ತಿನ ನಡಿಗಿ. ನನ್ನಕಿಂತ ಮುಂದ ಗಾಲಿ ಬರಬಾರದು."

"ತಗ್ಗಿನ ಈಚಿನ ಬೇವಿನ ಗಿಡದ ತನಕ ಅಷ್ಟ" ಅಂದಳು ಭಾಗ್ಯಜ್ಯೋತಿ, ಕೈಯಲ್ಲಿ ಸಣ್ಣ ಡಬ್ಬಿ ಹಿಡಿದು ಅವಳ ಮಗ್ಗುಲಿಗೆ ಬಂದು. "ಗಾಳಿ ಕೆಟ್ರ ಈ ಡಬ್ಬಿ ಕೂಗ್ತೈತಿ. ಕೂಗಿತು ಅಂದ್ರ ನನ್ನ ಸಂಗಾಟ ತಿರುಗಬೇಕು."

"ಹೂಂ."

ಸಿದ್ದವ್ವ ಬದು ಇಳಿದಳು. ಜೋಳದ ಸಾಲಿನೊಳಗೆ ಹೆಜ್ಜೆಯಿಟ್ಟು, ಬುಟ್ಟಿಯಿಂದ ಒಂದು ಹಿಡಿ ತೆಗೆದು ಎರಡೂ ಕಡೆ ಎರಚಿ ಚರಗದ ಕೂಗು ಹಾಕಿದಳು: "ಹುಲ್ಲುಲ್ಲಿಗೋ!"

"ಚಳ್ಳಂಬ್ರಿಗೋ!" ಮುರ್ತುಜಾಸಾಬ ತಂಬಿಗೆಯ ನೀರು ಚಿಮುಕಿಸುತ್ತ ದನಿಗೂಡಿಸಿದ.

ಹಿಂದೆ ಗಾಡಿ ಗುರುಗುಟ್ಟುತ್ತ ಇಳಿಯಿತು. ಜೋಳದ ದಂಟು ಲಟಲಟ ಮುರಿದವು. ಆ ಸದ್ದಿಗೆ ಸಿದ್ದವ್ವನ ಕೂಗು ಒಮ್ಮೆ ನಡುವೆಯೇ ತಡೆದು ನಿಂತಿತು. ಅವಳು ಹಿಂದೆ ನೋಡಲಿಲ್ಲ. ಇನ್ನೊಂದು ಹಿಡಿ ತೆಗೆದು, ದನಿ ಏರಿಸಿ ಕೂಗಿದಳು. ಮೂರನೆಯ ಕೂಗಿಗೆ ಗಾಡಿಯ ಮೇಲಿದ್ದವರೂ ದನಿಗೂಡಿಸಿದರು. ಹಾಗೆ ಬೇವಿನ ಗಿಡ ಬಂತು. ಡಬ್ಬಿ ಕೂಗಲಿಲ್ಲ.

ಅಲ್ಲಿಂದ ಮುಂದಿನದನ್ನು ಸಿದ್ದವ್ವ, ಮುರ್ತುಜಾಸಾಬ ಹಿಂದಿರುಗಿ ಬದುವಿನ ಮೇಲೆ ಕೂತು ನೋಡಿದರು. ನೀಲಿ ಅಂಗಿಯ ಇಬ್ಬರು ತೂಗಾಡುತ್ತ ತಗ್ಗಿಗೆ ಇಳಿದರು. ನೀರಿನ ತುಂತುರು ಬೆಳ್ಳಗಿನ ಹೊಗೆಯನ್ನು ಮೇಲಿನಿಂದ ತುಳಿಯಿತು. ಬೆಣೆಗೆ ಹಿತ್ತಾಳೆಯ ಪೆಟ್ಟು ಬೀಳುವ ಮೊಂಡು ಸದ್ದು ಬಹಳ ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ಹೊತ್ತು ಮುಳುಗುವ ಮುಂಚೆ ತಗ್ಗಿನ ನೆಲ ಕಾಣತೊಡಗಿತು. ಇಬ್ಬರೂ ವಿಷ ತೊಳೆಯಲೆಂದು ಡೇರೆಯೊಳಗೆ ಅಂಗಿ ಸಮೇತ ನೀರು ಹೊಯ್ಯಿಸಿಕೊಂಡು, ಬೆವರಿನಲ್ಲಿ ತೊಪ್ಪೆಯಾಗಿ ಹೊರಬಂದರು. ಸಿದ್ದವ್ವ ಅವರಿಗೆ ಸಜ್ಜಿ ರೊಟ್ಟಿ, ಪುಂಡಿ ಪಲ್ಯ ಬಡಿಸಿದಳು. ತಾನು ಉಣ್ಣಲಿಲ್ಲ. ಆ ರಾತ್ರಿ ಸೊಸೆಯ ಮಗ್ಗುಲಲ್ಲಿ ಮಲಗಿದಳು.

ಟ್ಯಾಂಕರಿನಲ್ಲಿ ಉಳಿದದ್ದನ್ನು ಇನ್ನೊಂದು ಟ್ಯಾಂಕರು ಬಂದು ತುಂಬಿಕೊಂಡಿತು. ತಂಡದವರು ಹೋದದ್ದು ಮಂಗಳವಾರ. ಅಫ್ರೋಜ ಕುತ್ತಿಗೆ ಹೊರಗೆ ಚಾಚಿ, ಬಂದ ಜಾಡಿನಲ್ಲೇ ಗಾಡಿಯನ್ನು ಹಿಮ್ಮುಖವಾಗಿ ತೆಗೆದ; ಹೊಸದಾಗಿ ಒಂದು ದಂಟೂ ಮುರಿಯಲಿಲ್ಲ.

ಗುರುವಾರ ಯಂಕಂಚಿಯಿಂದ ವಿಜಯಲಕ್ಷ್ಮಿಯ ಅಣ್ಣ ಸಂಜೀವಕುಮಾರ ಅವಳನ್ನು ತವರಿಗೆ ಕರೆದೊಯ್ಯಲು ಬಂದ. ಸಿದ್ದವ್ವ ಉಡಿ ತುಂಬಿದಳು. ಹೆದ್ದಾರಿಗೆ ಹೋಗುವ ಕಾಲುದಾರಿ ಕಲ್ಲು ಮುಳ್ಳಿನದು. ವಿಜಯಲಕ್ಷ್ಮಿ ಅದರ ಕಡೆ ತಿರುಗದೆ, ಸೀರೆ ತುಸು ಎತ್ತಿ ಹಿಡಿದು, ಗಾಲಿಯ ಜಾಡಿಗೆ ಇಳಿದಳು. ಜಾಡು ಅಗಲವಾಗಿ, ಗಟ್ಟಿಯಾಗಿ, ಸಮನಾಗಿತ್ತು. ಒಂದು ಕೈ ನಡುವಿನ ಮೇಲೆ ಇಟ್ಟುಕೊಂಡು ಎರಡು ಕಡೆಯ ಜೋಳದ ನಡುವೆ ನಿಧಾನವಾಗಿ ನಡೆದಳು. ಸಿದ್ದವ್ವ ಬದುವಿನ ಮೇಲೆ ನಿಂತು ಅವಳ ಹೆಜ್ಜೆಗಳನ್ನೇ ನೋಡುತ್ತಿದ್ದಳು.