ಚೊಂಬಿನ ತಳದ ಗಾಜು

ನಮ್ಮ ಜಂಗಮಕೋಟೆಯಲ್ಲಿ ಬೀಡಿ ಸೇದುವವರನ್ನು ಹುಳದ ಮನೆಗೆ ಬಿಡುವುದಿಲ್ಲ. ರೇಷ್ಮೆಹುಳುಗಳಿಗೆ ಆ ವಾಸನೆಯೇ ಆಗದು. ೧೯೬೫ರಲ್ಲಿ ರಜಕ್ಕೆಂದು ಬಂದ ನನ್ನನ್ನೂ ಬಿಡಲಿಲ್ಲ. ನಾನು ಬೀಡಿ ಮುಟ್ಟಿದವನಲ್ಲ. ಮುಂಬಯಿಯಲ್ಲಿ ಅಣುವಿಜ್ಞಾನಿಯಾಗಿದ್ದೆ, ಅಷ್ಟೇ ನನ್ನ ತಪ್ಪು.

“ವಿಷದ ಕೆಲ್ಸ ಮಾಡೋರು ಒಳಕ್ಕೆ ಬಂದ್ರೆ ಹುಳ ಉಳೀತವಾ, ಮುನಿನಾರಾಯಣಪ್ಪ? ನೀವೇ ಹೇಳಿ” ಎಂದು ಅತ್ತಿಗೆ ವರಲಕ್ಷ್ಮಮ್ಮ ನನ್ನನ್ನೇ ಕೇಳುತ್ತಾ ಬಾಗಿಲಿಗೆ ಅಡ್ಡ ನಿಂತರು. ಅವರ ಹಿಂದೆ ಸೊಪ್ಪಿನ ಬುಟ್ಟಿ ಹಿಡಿದಿದ್ದ ಅಮ್ಮ ತುಟಿ ಬಿಚ್ಚಲಿಲ್ಲ. ಅತ್ತಿಗೆಯ ಮಾತಿಗಿಂತ ಅದೇ ನನ್ನನ್ನು ಸುಟ್ಟಿತು. ಹುಳು ಸಾಕುವ ಅದೇ ತಟ್ಟೆಗಳ ಕೆಳಗೆ ಮಲಗಿ ಬೆಳೆದವನು ನಾನು.

ಸಂಜೆ ಜಗಲಿಯ ಮೇಲೆ ಅಮ್ಮನಿಗೆ ವಿವರಿಸಿದೆ. ಅಣುಸ್ಥಾವರದ ವಿಷದ ಕಸವನ್ನು ಕರಗಿದ ಗಾಜಿಗೆ ಬೆರೆಸಿ ಗಟ್ಟಿ ಮಾಡಬೇಕು. ಆ ಗಾಜನ್ನು ನೀರಲ್ಲಿ ಮುಳುಗಿಸಿಟ್ಟು, ವಿಷ ನೀರಿಗೆ ಇಳಿಯುತ್ತದೆಯೇ ಎಂದು ತಿಂಗಳುಗಟ್ಟಲೆ ಕಾಯುವುದು ನನ್ನ ಕೆಲಸ. ಜೇಬಿನಲ್ಲಿದ್ದ ಹಸಿರು ಗಾಜಿನ ಚೂರೊಂದನ್ನು ಅವಳ ಕೈಗಿಟ್ಟೆ. “ಇದು ಬರೀ ಗಾಜಮ್ಮ. ಇದ್ರಲ್ಲಿ ವಿಷ ಹಾಕಿಲ್ಲ.”

ಅಮ್ಮ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಮರುದಿನವೇ ನಾನು ಹೊರಟುಬಿಟ್ಟೆ.

ಮುಂಬಯಿಯಲ್ಲಿ ಗಾಜು ನೀರಲ್ಲಿತ್ತು, ನಾನು ಅದರ ಮುಂದಿದ್ದೆ. ಕನ್ನಡದಲ್ಲಿ ಒಂದು ಮಾತಾಡದೆ ವಾರಗಳು ಕಳೆಯುತ್ತಿದ್ದವು. ಊರಿಗೆ ಕಾಗದ ಹಾಕಲಿಲ್ಲ. ಸಿಟ್ಟು ಎಂದು ನನಗೆ ನಾನೇ ಹೇಳಿಕೊಂಡೆ. ಸಿಟ್ಟಲ್ಲ, ನನ್ನವರು ಅಂತ ಯಾರೂ ಉಳಿದಿಲ್ಲವೆಂಬ ಸಂಕಟ.

ಮುಂದಿನ ವರ್ಷ ಅಣ್ಣನ ಕಾಗದ ಬಂತು: ಅಮ್ಮ ಕರೆಯುತ್ತಿದ್ದಾಳೆ, ಬಾ. ಹೋದೆ. ಒಳಗೆ ಬರಬೇಡ ಎಂದು ಬೇರೆಯವರು ಹೇಳುವ ಮೊದಲೇ ಜಗಲಿಯಲ್ಲಿ ಕೂತೆ. ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು.

ಅಮ್ಮ ಹಿತ್ತಾಳೆ ಚೊಂಬು ತಂದು ಮುಂದಿಟ್ಟಳು. ತಳದಲ್ಲಿ ನನ್ನ ಹಸಿರು ಗಾಜಿನ ಚೂರು.

“ಒಂದು ವರ್ಷದಿಂದ ದಿನಾ ಈ ಗಾಜು ಹಾಕಿಟ್ಟ ನೀರೇ ಕುಡಿದಿದೀನಿ. ನಂಗೇನಾಗೈತೆ ನೋಡು. ಈಗ ನಿಮ್ಮತ್ತಿಗೆನೂ ಒಪ್ಪವಳೆ.”

“ಅದ್ರಲ್ಲಿ ವಿಷ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲಮ್ಮ!”

“ಹೇಳಿದ್ದೆ. ನಾನು ನಂಬ್ಲಿಲ್ಲ ಕಣಪ್ಪ. ನಂಬಿದ್ರೆ ಕುಡಿಯೋದು ಯಾತಕ್ಕೆ?” ಎಂದು ಅಮ್ಮ ಸೊಪ್ಪಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟಳು. “ಕಾಲು ತೊಳ್ಕೊಂಡು ಒಳಕ್ಕೆ ಬಾ.”